ಮಕ್ಕಳೂ ಕಲಾವಿವೇಚನೆಯೂ

ಮಕ್ಕಳಿಗೆ ಓದು, ಬರಹ, ಲೆಕ್ಕಗಳನ್ನು ಕಲಿಸತಕ್ಕದ್ದೆಂಬ ವಿಷಯದಲ್ಲಿ ವಿದ್ಯಾವಂತರ ಮನೆಗಳಲ್ಲಿ ಎರಡು ಮಾತಿಲ್ಲ. ಸಂಗೀತವನ್ನೋ ಚಿತ್ರವನ್ನೋ ಅಭ್ಯಾಸ ಮಾಡಿಸುವ ಮನೆಗಳಿಗೂ ಕೊರತೆಯಿಲ್ಲ. ಆದರೆ ಒಂದು ವಿಗ್ರಹದ ಮುಂದೆಯೋ ಒಂದು ಪಟದ ಮುಂದೆಯೋ ನಿಂತು, ಇಲ್ಲಿ ಚೆನ್ನಾಗಿರುವುದು ಯಾವುದು, ಅದು ಏಕೆ ಚೆನ್ನಾಗಿದೆ, ಕೊರತೆಯೇನಾದರೂ ಉಂಟೆ ಎಂಬುದನ್ನು ತಾನೇ ನೋಡಿ ತಾನೇ ಹೇಳುವ ಶಕ್ತಿಯನ್ನು ಮಕ್ಕಳಲ್ಲಿ ಬೆಳೆಸಬೇಕೆಂಬ ಯೋಚನೆ ಮಾತ್ರ ಅಪೂರ್ವವಾಗಿದೆ. ಗುಣದೋಷವಿವೇಚನೆ ಪಂಡಿತರ ಕೆಲಸ. ಮಕ್ಕಳು ದೊಡ್ಡವರ ಹೊಗಳಿಕೆಯನ್ನು ಕೇಳಿ ತಲೆದೂಗಿದರೆ ಸಾಕು ಎಂಬ ಭಾವನೆಯೇ ಸಾಮಾನ್ಯವಾಗಿ ಕಾಣಬರುತ್ತದೆ.

ಪೂರ್ವಿಕರ ಅಭಿಪ್ರಾಯ ಹೀಗಿದ್ದಂತೆ ತೋರುವುದಿಲ್ಲ. ಕ್ರಿ. ಶ. 850ರ ಸುಮಾರಿನಲ್ಲಿ ರಾಷ್ಟ್ರಕೂಟ ನೃಪತುಂಗನ ಆಸ್ಥಾನದಲ್ಲಿ ಹುಟ್ಟಿದ ‘ಕವಿರಾಜಮಾರ್ಗ’ವು ಕನ್ನಡ ನಾಡಿನ ಜನರ ಜಾಣ್ಮೆಯನ್ನು ಕೊಂಡಾಡುವಾಗ ಕಿರಿಯ ಮಕ್ಕಳನ್ನು ಹೊರಗಿಡಲಿಲ್ಲ, ತಿಳಿಯಹೇಳಿದರೆ ಅವರೂ ವಿವೇಕವನ್ನು ಅರಿಯಬಲ್ಲರೆಂಬುದೇ ಅದರ ಆಶಯ. ಮುಂದೆ ರಾಜಶೇಖರನು ತನ್ನ ‘ಕಾವ್ಯಮೀಮಾಂಸೆ’ಯಲ್ಲಿ ಪ್ರತಿಭೆಯನ್ನು ಎರಡಾಗಿ ವಿಂಗಡಿಸಿ, ಕೃತಿಯನ್ನು ರಚಿಸುವ ಶಕ್ತಿಯನ್ನು ಕಾರಯಿತ್ರಿಯೆಂದೂ, ಕೃತಿಯನ್ನು ಅನುಭವಿಸಿ ಅರಿಯುವ ಶಕ್ತಿಯನ್ನು ಭಾವಯಿತ್ರಿಯೆಂದೂ ಕರೆದನು. ನೋಡುವುದಕ್ಕೂ ಪ್ರತಿಭೆ ಬೇಕು ಎಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ಹೇಳಲಾಗದು. ಹಾಗೆ ಅರಿಯುವವರಲ್ಲಿಯೂ ಅವನು ನಾಲ್ಕು ಬಗೆಯವರನ್ನು ಕಂಡನು: ಯಾವುದೂ ರುಚಿಸದ ಅರೋಚಕಿ, ಹುಲ್ಲುಕಡ್ಡಿಯ ಸಮೇತ ಎಲ್ಲವನ್ನೂ ನುಂಗುವ ಸತೃಣಾಭ್ಯವಹಾರಿ, ಹೊಟ್ಟೆಕಿಚ್ಚಿನಿಂದ ನೋಡುವ ಮತ್ಸರಿ, ನಿಜವಾದ ತತ್ತ್ವವನ್ನು ಹಿಡಿದು ನಿಲ್ಲುವ ತತ್ತ್ವಾಭಿನಿವೇಶಿ. ಈ ಕೊನೆಯವನು ಸಾವಿರಕ್ಕೊಬ್ಬನೆಂದು ಅವನ ಮತ. ಒಂದು ಮಗು ಬೆಳೆದು ಈ ನಾಲ್ವರಲ್ಲಿ ಯಾರಾಗುವುದೆಂಬುದು, ಅದು ಕಲೆಯ ಮುಂದೆ ನಿಂತು ಆಡುವ ಮೊದಲ ಮಾತಿಗೆ ಮನೆಯ ಹಿರಿಯರು ಯಾವ ಉತ್ತರವನ್ನು ಕೊಡುತ್ತಾರೆಂಬುದನ್ನು ಬಹುಮಟ್ಟಿಗೆ ಅವಲಂಬಿಸಿದೆ. ಬೇಲೂರಿಗೆ ಹೋಗಿಬಂದ ಒಂದು ಸಂಸಾರದ ವೃತ್ತಾಂತದಿಂದ ಈ ಮಾತು ವಿಶದವಾದೀತು.

ಹಾಸನದಲ್ಲಿ ನೆಲೆಸಿದ ವೃದ್ಧ ಗೃಹಸ್ಥರೊಬ್ಬರು ಬಹುಕಾಲ ಅಧ್ಯಾಪಕರಾಗಿದ್ದು ನಿವೃತ್ತರಾದವರು. ದಸರೆಯ ರಜೆಗೆ ಬೆಂಗಳೂರಿನಿಂದ ಮಗನೂ ಸೊಸೆಯೂ ಮಕ್ಕಳೊಡನೆ ಬಂದಿದ್ದರು. ಮೊಮ್ಮಗನಿಗೆ ಹನ್ನೊಂದು ವರ್ಷ, ಮೊಮ್ಮಗಳಿಗೆ ಒಂಬತ್ತು. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳ ಹೊಯ್ಸಳ ದೇವಾಲಯಗಳು ವಿಶ್ವಪರಂಪರೆಯ ಪಟ್ಟಿಗೆ ಸೇರಿದಂದಿನಿಂದ ಮಕ್ಕಳಿಗೆ ಅವನ್ನು ತೋರಿಸಬೇಕೆಂಬುದು ತಾತನವರ ಆಸೆಯಾಗಿತ್ತು. ಹಾಸನದಿಂದ ಬೇಲೂರಿಗೆ ಸುಮಾರು 40 ಕಿಲೋಮೀಟರು. ದಾರಿಯುದ್ದಕ್ಕೂ ಅವರು ವಿಷ್ಣುವರ್ಧನನ ಕಥೆಯನ್ನೂ, 1117ರಲ್ಲಿ ಚೆನ್ನಕೇಶವನ ಪ್ರತಿಷ್ಠೆಯಾದುದನ್ನೂ, ಮದನಿಕೆಯರು ಒಟ್ಟು 42 ಎಂಬುದನ್ನೂ ಹೇಳಿದರು. ಹುಡುಗ ಅದೆಲ್ಲವನ್ನೂ ಒಂದು ಪುಸ್ತಕದಲ್ಲಿ ಬರೆದುಕೊಂಡನು. ಹುಡುಗಿ ಕಿಟಕಿಯ ಹೊರಗೆ ನೋಡುತ್ತಿದ್ದಳು.

ದೇವಾಲಯದ ಜಗತಿಯ ಮೇಲೆ ಪ್ರದಕ್ಷಿಣೆ ಆರಂಭವಾಯಿತು. ಕೆಳಗಿನ ಸಾಲಿನ ಆನೆಗಳನ್ನು ತೋರಿಸಿ ತಾತನವರು, 600ಕ್ಕೂ ಮಿಕ್ಕಿದ ಈ ಆನೆಗಳಲ್ಲಿ ಒಂದರಂತೆ ಇನ್ನೊಂದಿಲ್ಲವೆಂದು ಹೇಳಿದರು. ಸೂರಿನ ಕೆಳಗೆ ಓರೆಯಾಗಿ ನಿಂತ ಮದನಿಕೆಯರನ್ನು ತೋರಿಸಿ, ಲೋಕದಲ್ಲಿಯೇ ಇಂತಹ ಕೆಲಸವಿಲ್ಲವೆಂದರು. ಕನ್ನಡಿ ಹಿಡಿದವಳು, ಗಿಳಿಯೊಡನೆ ಮಾತನಾಡುವವಳು ಎಂದು ಒಬ್ಬೊಬ್ಬಳನ್ನೂ ಹೊಗಳುತ್ತ ಮುಂದೆ ಸಾಗಿದರು. ಹುಡುಗನು ಪ್ರತಿಯೊಂದಕ್ಕೂ ‘ಆಹಾ’ ಎನ್ನುತ್ತಿದ್ದನು. ನರ್ತನದ ಭಂಗಿಯಲ್ಲಿದ್ದ ಒಬ್ಬ ಮದನಿಕೆಯ ಮುಂದೆ ಹುಡುಗಿ ನಿಂತುಬಿಟ್ಟಳು. ಬಹಳ ಹೊತ್ತು ನೋಡಿ, “ತಾತ, ಇವಳು ಕುಣಿಯುತ್ತಿದ್ದಾಳೆ ಎಂದಿರಿ. ನನಗೆ ಒಡವೆಯೇ ಕಾಣುತ್ತದೆ, ಕುಣಿತ ಕಾಣುವುದಿಲ್ಲ” ಎಂದಳು.

ಸುತ್ತ ಬೇರೆ ಯಾತ್ರಿಕರಿದ್ದರು; ಅವರಲ್ಲಿ ಒಬ್ಬಿಬ್ಬರು ತಿರುಗಿ ನೋಡಿದರು. ತಾತನವರಿಗೆ ಮುಖಭಂಗವಾದಂತಾಯಿತು. “ಒಂಬೈನೂರು ವರ್ಷ ಲೋಕವೆಲ್ಲ ಹೊಗಳಿದ್ದನ್ನು ನೀನು ತೆಗಳುವವಳಾದೆಯಾ? ತಿಳಿಯದಿದ್ದರೆ ಸುಮ್ಮನಿರಬೇಕು” ಎಂದು ಗದರಿಸಿದರು. ಹುಡುಗಿ ಸುಮ್ಮನಾದಳು. ಅಲ್ಲಿಂದ ಮುಂದೆ ಯಾವುದನ್ನು ತೋರಿಸಿದರೂ, “ಚೆನ್ನಾಗಿದೆ ತಾತ” ಎಂದಳು. ಕಂಬ ಚೆನ್ನಾಗಿದೆ, ಬಾಗಿಲು ಚೆನ್ನಾಗಿದೆ, ಜಾಲಂಧ್ರ ಚೆನ್ನಾಗಿದೆ. ಮಾತಿನಲ್ಲಿ ಮರ್ಯಾದೆಗೆ ಲೋಪವಿರಲಿಲ್ಲ. ಆದರೆ ಅವಳ ಕಣ್ಣು ಯಾವುದರ ಮೇಲೂ ನಿಲ್ಲಲಿಲ್ಲ. ಅರ್ಧ ಗಳಿಗೆಯ ಹಿಂದೆ ಆ ಗುಂಪಿನಲ್ಲಿ ನಿಜವಾಗಿ ನೋಡುತ್ತಿದ್ದವಳು ಅವಳೊಬ್ಬಳೇ. ಈಗ ನೋಡುವವರು ಯಾರೂ ಉಳಿಯಲಿಲ್ಲ.

ಚೆನ್ನಕೇಶವನ ಗುಡಿಯ ದಕ್ಷಿಣಕ್ಕೆ, ಅದೇ ಪ್ರಾಕಾರದಲ್ಲಿ, ಶಾಂತಲಾದೇವಿ ಕಟ್ಟಿಸಿದ ಕಪ್ಪೆ ಚೆನ್ನಿಗರಾಯನ ಗುಡಿ ಇದೆ. ಅಲ್ಲಿ ನೆರಳಿನಲ್ಲಿ ಎಲ್ಲರೂ ಕುಳಿತರು. ಮಕ್ಕಳಿಗೆ ಕಥೆ ಹೇಳಿ ಸಂತೋಷಪಡಿಸಬೇಕೆಂದು ತಾತನವರು ಕನ್ನಡಿಗರೆಲ್ಲರೂ ಬಲ್ಲ ಜಕಣಾಚಾರಿಯ ಕಥೆಯನ್ನು ತೆಗೆದರು. ಹೆಸರಾಂತ ಶಿಲ್ಪಿ ವಿಗ್ರಹವನ್ನು ಮುಗಿಸಿದ್ದಾನೆ. ರಾಜನೂ ಪರಿವಾರವೂ ನೆರೆದು ಹೊಗಳುತ್ತಿದ್ದಾರೆ. ಆಗ ಎಲ್ಲಿಂದಲೋ ಬಂದ ಹುಡುಗನೊಬ್ಬನು, ಈ ಕಲ್ಲಿನಲ್ಲಿ ದೋಷವಿದೆ ಎನ್ನುತ್ತಾನೆ. ಕಥೆ ಇಲ್ಲಿಗೆ ಬಂದಾಗ ಹುಡುಗಿ ತಲೆಯೆತ್ತಿ, “ಅವನಿಗೆ ಯಾರೂ ಸುಮ್ಮನಿರು ಎನ್ನಲಿಲ್ಲವೆ ತಾತ?” ಎಂದು ಕೇಳಿದಳು.

ಅವಳ ಪ್ರಶ್ನೆಯಲ್ಲಿ ಕೊಂಕೇನೂ ಇರಲಿಲ್ಲ. ಕಥೆಯ ಹುಡುಗನ ಬಗೆಗೆ ಅವಳಿಗೆ ನಿಜವಾಗಿಯೇ ಕಳವಳವಾಗಿತ್ತು. ತಾತನವರ ಮಾತು ನಿಂತಿತು. ಎದುರಿಗೆ ಕಂಬಕ್ಕೊರಗಿ ಕುಳಿತಿದ್ದ ಮಗನ ಮುಖವನ್ನು ಅವರು ನೋಡಿದರು. ಮಗನು ದೃಷ್ಟಿಯನ್ನು ಬೇರೆ ಕಡೆಗೆ ತಿರುಗಿಸಿದನು. ಸುಮಾರು ಮೂವತ್ತು ವರ್ಷಗಳ ಹಿಂದಿನ ಒಂದು ಸಂಜೆ ಇಬ್ಬರಿಗೂ ನೆನಪಾಗಿರಬೇಕು. ಆಗ ಒಂಬತ್ತು ವರ್ಷದವನಾಗಿದ್ದ ಮಗನು ಹಳೆಯ ಕ್ಯಾಲೆಂಡರಿನ ಹಾಳೆಯ ಹಿಂಬದಿಯಲ್ಲಿ ಓಡುವ ಕುದುರೆಯೊಂದನ್ನು ಬರೆದು, ಮನೆಗೆ ಬಂದ ನೆಂಟರ ಮುಂದೆ ತಂದಿಟ್ಟಿದ್ದನು. ತಂದೆ ಅದನ್ನು ಎತ್ತಿ ಹಿಡಿದು, “ಇದೇನು, ಕುದುರೆಯೊ ಕತ್ತೆಯೊ?” ಎಂದಿದ್ದರು. ನೆಂಟರು ನಕ್ಕಿದ್ದರು. ಹಾಸ್ಯಕ್ಕೆಂದು ಆಡಿದ ಮಾತು; ಮರುದಿನ ಯಾರಿಗೂ ನೆನಪಿರಲಿಲ್ಲ. ಆದರೆ ಆ ಹುಡುಗನು ಅಂದಿನಿಂದ ಪರೀಕ್ಷೆಗೆ ಬೇಕಾದ ನಕ್ಷೆಗಳನ್ನಲ್ಲದೆ ಬೇರೆ ಯಾವ ಚಿತ್ರವನ್ನೂ ಬರೆಯಲಿಲ್ಲ. ಪಟಗಳ ಪ್ರದರ್ಶನಕ್ಕೆ ಯಾರಾದರೂ ಕರೆದರೆ, “ಅದೆಲ್ಲ ನನಗೆ ತಿಳಿಯುವುದಿಲ್ಲ” ಎಂದು ಹೇಳುವುದು ಅವನಿಗೆ ರೂಢಿಯಾಗಿಹೋಗಿತ್ತು.

ತಾತನವರು ಸ್ವಲ್ಪ ಹೊತ್ತಿನ ಮೇಲೆ ಕಥೆಯನ್ನು ಮುಂದುವರಿಸಿದರು. ಜಕಣಾಚಾರಿಗೂ ಕೋಪ ಬಂದಿತು. ದೋಷವಿದ್ದರೆ ಬಲಗೈಯನ್ನು ಕತ್ತರಿಸಿಕೊಳ್ಳುವೆನೆಂದು ಶಪಥ ಮಾಡಿದನು. ಆದರೆ ಹುಡುಗನ ಮಾತನ್ನು ಅವನು ತಳ್ಳಿಹಾಕಲಿಲ್ಲ, ಪರೀಕ್ಷಿಸಿದನು. ವಿಗ್ರಹಕ್ಕೆಲ್ಲ ಗಂಧವನ್ನು ಲೇಪಿಸಿದರು. ಎಲ್ಲ ಕಡೆಯೂ ಗಂಧ ಒಣಗಿತು. ಹೊಕ್ಕಳಿನ ಸುತ್ತ ಮಾತ್ರ ಒಣಗಲಿಲ್ಲ. ಅಲ್ಲಿ ಉಳಿಯಿಟ್ಟಾಗ ಒಳಗಿನಿಂದ ನೀರೂ ಕಪ್ಪೆಯೂ ಹೊರಬಂದವು. ಆ ಹುಡುಗನೇ ತನ್ನ ಮಗ ಡಂಕಣನೆಂದು ಆಮೇಲೆ ತಿಳಿಯಿತು.

“ನೀನು ಮಾತನಾಡಿದಾಗ ನಾನು ಗಂಧ ಹಚ್ಚಿ ನೋಡಬೇಕಾಗಿತ್ತು, ಮಗು. ನೋಡಲಿಲ್ಲ. ತಪ್ಪಾಯಿತು. ಏಳು, ಈಗ ಹೋಗಿ ನೋಡೋಣ” ಎಂದು ತಾತನವರು ಎದ್ದರು.

ಮಕ್ಕಳಿಗೆ ಕಲೆಯನ್ನು ತೋರಿಸುವವರು ಗ್ರಹಿಸಬೇಕಾದ ಮುಖ್ಯ ವಿಷಯವೆಲ್ಲವೂ ಈ ಗಂಧದ ಪರೀಕ್ಷೆಯಲ್ಲಿದೆ. ಮಗುವಿನ ಅಭಿಪ್ರಾಯವನ್ನು ಗದರಿಸಿ ಅಡಗಿಸುವುದು ಒಂದು ತಪ್ಪು. ಮಗು ಹೇಳಿತೆಂಬ ಒಂದೇ ಕಾರಣದಿಂದ ಅದನ್ನು ಮುದ್ದಿಸಿ ಒಪ್ಪಿಬಿಡುವುದು ಇನ್ನೊಂದು ತಪ್ಪು; ಹಾಗೆ ಮಾಡಿದರೆ ಬಾಯಿಗೆ ಬಂದುದೇ ವಿಮರ್ಶೆಯೆಂದು ಅದು ತಿಳಿದೀತು. ಮಾತನ್ನು ಕೃತಿಯ ಮೈಮೇಲೆಯೇ ಲೇಪಿಸಿ, ಎಲ್ಲಿ ಒಣಗುತ್ತದೆ, ಎಲ್ಲಿ ಒಣಗುವುದಿಲ್ಲ ಎಂದು ಇಬ್ಬರೂ ಕೂಡಿ ನೋಡುವುದೇ ಸರಿಯಾದ ದಾರಿ. ಇದರಲ್ಲಿ ಹಿರಿಯರಿಗೂ ಒಂದು ಕಷ್ಟವಿದೆ: ಕಲ್ಲು ಮಗುವಿನ ಪಕ್ಷವನ್ನೇ ವಹಿಸಬಹುದು.

ಮದನಿಕೆಯ ಮುಂದೆ ಮರಳಿ ನಿಂತಾಗ ತಾತನವರು ಹೊಗಳಲಿಲ್ಲ, ಕೇಳಿದರು. ಇವಳ ಭಾರ ಯಾವ ಕಾಲಿನ ಮೇಲಿದೆ? ಸೊಂಟ ಯಾವ ಕಡೆಗೆ ಹೊರಳಿದೆ? ಹೆಗಲು ಅದೇ ಕಡೆಗಿದೆಯೆ, ಎದುರು ಕಡೆಗೊ? ಒಡವೆಗಳನ್ನು ಮರೆತು, ಪಾದದಿಂದ ಮುಡಿಯವರೆಗೆ ಒಂದೇ ಗೆರೆಯನ್ನು ಬೆರಳಿನಿಂದ ಗಾಳಿಯಲ್ಲಿ ಎಳೆಯಲು ಸಾಧ್ಯವೆ? ಹುಡುಗಿ ಎಳೆದಳು, ಗೆರೆ ಮೂರು ಕಡೆ ಬಾಗಿತು. ತ್ರಿಭಂಗಿಯೆಂಬ ಹೆಸರನ್ನು ತಾತನವರು ಅದಾದ ಮೇಲೆ ಹೇಳಿದರು. ಅವಳೂ ಹಾಗೆಯೇ ನಿಲ್ಲಲು ಹೋಗಿ ತೂಕ ತಪ್ಪಿ ನಕ್ಕಳು. “ಈಗ ಕುಣಿತ ಕಾಣುತ್ತದೆ. ಆದರೆ ಒಡವೆ ಅಡ್ಡ ಬರುತ್ತದೆ ತಾತ. ಹುಡುಕಿಕೊಂಡು ನೋಡಬೇಕು” ಎಂದಳು.

ಈ ಬಾರಿ ತಾತನವರಿಗೆ ಕೋಪ ಬರಲಿಲ್ಲ. ಏಕೆಂದರೆ ಹೊಯ್ಸಳ ಶಿಲ್ಪದಲ್ಲಿ ಅಲಂಕಾರ ಅತಿಯಾಯಿತೆಂಬ ಆಕ್ಷೇಪವನ್ನು ಕಲಾವಿಮರ್ಶಕರೇ ಎತ್ತಿರುವುದು ಅವರಿಗೆ ತಿಳಿದಿತ್ತು. ಅವರು ಆಕ್ಷೇಪವನ್ನು ಅಲ್ಲಗಳೆಯದೆ ಅದಕ್ಕೆ ಕಾರಣವನ್ನು ತೋರಿಸಿದರು. ಇದು ಬಳಪದ ಕಲ್ಲು. ಗಣಿಯಿಂದ ತೆಗೆದಾಗ ಮೆತ್ತಗಿದ್ದು, ಗಾಳಿ ಬಿಸಿಲು ತಗುಲಿದಂತೆ ಗಟ್ಟಿಯಾಗುವ ಜಾತಿಯದು. ಅಕ್ಕಸಾಲಿಗನು ಚಿನ್ನದಲ್ಲಿ ಮಾಡುವ ಸೂಕ್ಷ್ಮವನ್ನು ಶಿಲ್ಪಿ ಇಲ್ಲಿ ಕಲ್ಲಿನಲ್ಲಿ ಮಾಡಬಹುದಾಗಿತ್ತು, ಮಾಡಬಹುದಾದ್ದರಿಂದ ಮಾಡಿದನು. ಮಾಡಬಹುದಾದುದನ್ನೆಲ್ಲ ಮಾಡತಕ್ಕದ್ದೆ ಎಂಬುದು ಬೇರೆ ಪ್ರಶ್ನೆ. ಅದನ್ನು ಅವರು ಮಕ್ಕಳಿಗೇ ಬಿಟ್ಟರು.

ಈ ನಡುವೆ ಹುಡುಗನಲ್ಲಿಯೂ ಬದಲಾವಣೆ ಕಂಡಿತು. ಅವನು ಪುಸ್ತಕವನ್ನು ಮುಚ್ಚಿ ಆನೆಗಳ ಸಾಲಿಗೆ ಹೋಗಿದ್ದನು. ಒಂದರಂತೆ ಇನ್ನೊಂದಿಲ್ಲವೆಂಬ ಮಾತನ್ನು ಬರೆದುಕೊಂಡಿದ್ದನಷ್ಟೆ. ಈಗ ಅದು ನಿಜವೇ ಎಂದು ನೋಡುವ ಹಟ ಹುಟ್ಟಿತು. ಎರಡು ಆನೆಗಳು ಒಂದೇ ತೆರನಾಗಿವೆಯೆಂದು ಕೂಗಿದನು. ತಂಗಿ ಓಡಿಬಂದು, ಸೊಂಡಿಲಿನ ಸುರುಳಿ ಬೇರೆ ಎಂದು ತೋರಿಸಿದಳು. ಹತ್ತು ಆನೆಗಳನ್ನು ನೋಡುವುದರಲ್ಲಿ ಅರ್ಧ ಗಂಟೆ ಕಳೆಯಿತು. ಮೊದಲು ಅರುನೂರು ಆನೆಗಳನ್ನು ಅವನು ಅರೆ ನಿಮಿಷದಲ್ಲಿ ಮೆಚ್ಚಿ ಮುಗಿಸಿದ್ದನು. ಹೊಗಳಿಕೆಯ ಮಾತು ಪ್ರಶ್ನೆಯಾಗಿ ಮಾರ್ಪಟ್ಟೊಡನೆ ಕಣ್ಣಿಗೆ ಕೆಲಸ ಬಂದಿತು. ಆ ಕಣ್ಣೇ ಬಳಿಕ ಒಬ್ಬ ಮದನಿಕೆಯ ತಲೆಯ ಮೇಲಿನ ಬಳ್ಳಿಯ ಚಪ್ಪರದಲ್ಲಿ, ಹಣ್ಣಿನ ಮೇಲೆ ಕುಳಿತ ನೊಣವನ್ನೂ ಅದಕ್ಕೆ ಹೊಂಚುಹಾಕಿದ ಹಲ್ಲಿಯನ್ನೂ ಹುಡುಕಿತು. ಅದನ್ನು ತೋರಿಸಿಕೊಡುವುದಕ್ಕೆ ಯಾರೂ ಬೇಕಾಗಲಿಲ್ಲ.

ಮರುದಿನ ಶ್ರವಣಬೆಳಗೊಳಕ್ಕೆ ಹೋದರು. ತಾತನವರ ಉದ್ದೇಶವೇ ಹೋಲಿಕೆ. ಒಂದನ್ನು ಮಾತ್ರ ಬಲ್ಲವನಿಗೆ ಮೆಚ್ಚುಗೆ ಸಾಧ್ಯವಾಗಬಹುದು, ವಿವೇಚನೆ ಸಾಧ್ಯವಾಗದು. ಎರಡನ್ನು ನೋಡಿದಾಗಲೇ ಪ್ರಶ್ನೆಗಳು ತಾವಾಗಿ ಏಳುತ್ತವೆ. ಚಾವುಂಡರಾಯನು 981ರ ಸುಮಾರಿನಲ್ಲಿ ನಿಲ್ಲಿಸಿದ ಗೊಮ್ಮಟನು ಸುಮಾರು 58 ಅಡಿ ಎತ್ತರ, ಗಟ್ಟಿಯಾದ ಬೆಣಚುಕಲ್ಲು, ಮೈಮೇಲೆ ಒಂದು ಎಳೆ ಆಭರಣವಿಲ್ಲ. ಕಾಲ ಬುಡದಲ್ಲಿ ಹುತ್ತ, ತೊಡೆ ತೋಳುಗಳನ್ನು ಹಬ್ಬಿದ ಬಳ್ಳಿ, ಇಷ್ಟೆ. ಹುಡುಗನು ಕೂಡಲೆ, “ಹಾಗಾದರೆ ಬೇಲೂರಿಗಿಂತ ಇದೇ ಮೇಲು. ಇಲ್ಲಿ ಒಡವೆಯ ಅಡ್ಡಿಯೇ ಇಲ್ಲ” ಎಂದು ತೀರ್ಪು ಕೊಟ್ಟನು. ನಿನ್ನೆ ತಾತನ ಹೊಗಳಿಕೆಯನ್ನು ನುಂಗಿದವನು ಇಂದು ತಂಗಿಯ ಆಕ್ಷೇಪವನ್ನು ನುಂಗಿದ್ದನು. ಹುಡುಗಿ ಒಪ್ಪಲಿಲ್ಲ. “ಇವನು ಎಲ್ಲವನ್ನೂ ಬಿಟ್ಟು ನಿಂತವನು. ಇವನಿಗೆ ಒಡವೆ ಹಾಕಿದ್ದರೆ ತಪ್ಪಾಗುತ್ತಿತ್ತು. ಅವಳು ಸಿಂಗರಿಸಿಕೊಂಡು ಕುಣಿಯುವುದಕ್ಕೆ ಬಂದವಳು. ಅವಳಿಗೆ ಒಡವೆ ಬೇಕು. ಸ್ವಲ್ಪ ಕಡಿಮೆ ಇದ್ದರೆ ಸಾಕಾಗಿತ್ತು” ಎಂದಳು.

ಒಂಬತ್ತು ವರ್ಷದ ಬಾಲಕಿಯ ಈ ಮಾತಿನಲ್ಲಿ ಔಚಿತ್ಯವಿಚಾರವೆಲ್ಲವೂ ಅಡಗಿದೆಯೆಂದರೆ ಅತಿಶಯೋಕ್ತಿಯಾಗಲಾರದು. ಕೃತಿಯನ್ನು ಅದರ ಉದ್ದೇಶದ ಬೆಳಕಿನಲ್ಲಿ ನೋಡಿ, ಉದ್ದೇಶಕ್ಕೆ ಒಪ್ಪುವುದನ್ನು ಗುಣವೆಂದೂ, ಅದನ್ನು ಮೀರಿದುದನ್ನು ದೋಷವೆಂದೂ ಅವಳು ವಿಂಗಡಿಸಿದ್ದಳು. ಅವಳ ತೀರ್ಮಾನವನ್ನು ಎಲ್ಲರೂ ಒಪ್ಪಬೇಕಾಗಿಲ್ಲ. ಅವಳೇ ದೊಡ್ಡವಳಾದ ಮೇಲೆ ಬೇಲೂರಿಗೆ ಮತ್ತೆ ಹೋಗಿ, ಒಡವೆ ಅಷ್ಟೂ ಇರಬೇಕಾಗಿತ್ತೆಂದು ಹೇಳಿದರೂ ಹೇಳಬಹುದು. ಆದರೆ ಅದಕ್ಕೆ ಅವಳು ಮತ್ತೆ ಹೋಗಬೇಕೆಂಬ ಆಸೆ ಉಳಿದಿರಬೇಕಷ್ಟೆ. ಮೊದಲ ದಿನದ ಗದರಿಕೆಯಲ್ಲಿಯೇ ಎಲ್ಲವೂ ಮುಗಿದಿದ್ದರೆ ಆ ಆಸೆ ಉಳಿಯುತ್ತಿರಲಿಲ್ಲ.

ಅಂದು ರಾತ್ರಿ ಊಟವಾದ ಮೇಲೆ ಜಗಲಿಯಲ್ಲಿ ತಂದೆ ಮಗನನ್ನು ಕೇಳಿದರು: “ಆ ಕುದುರೆಯ ಚಿತ್ರ ನಿನಗೆ ನೆನಪಿದೆಯೇನಪ್ಪ?”

“ಇದೆ, ಅಣ್ಣ” ಎಂದು ಮಗನು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದನು. ಆ ಮನೆಯಲ್ಲಿ ತಂದೆಯನ್ನು ಅಣ್ಣನೆಂದು ಕರೆಯುವ ವಾಡಿಕೆ. “ಕಿವಿ ಉದ್ದವಾಗಿತ್ತು. ನೀವು ಹೇಳಿದ್ದು ಸುಳ್ಳಲ್ಲ. ಆದರೆ ಅದು ಓಡುತ್ತಿತ್ತು. ಓಟ ಬರಲೆಂದು ನಾನು ಏಳೆಂಟು ಸಲ ಅಳಿಸಿ ಬರೆದಿದ್ದೆ. ಅದನ್ನು ಯಾರೂ ನೋಡಲಿಲ್ಲ.”

ತಂದೆ ಇದಕ್ಕೆ ಉತ್ತರ ಕೊಡಲಿಲ್ಲ. ಕೊಡಬಹುದಾದ ಉತ್ತರವೂ ಇರಲಿಲ್ಲ. ದೋಷವನ್ನು ಹೇಳಿದ್ದು ತಪ್ಪಾಗಿರಲಿಲ್ಲ; ಹುಡುಗನು ಯಾವುದಕ್ಕಾಗಿ ಶ್ರಮಿಸಿದ್ದನೋ ಅದನ್ನು ನೋಡದೆ ದೋಷವನ್ನು ಮಾತ್ರ ನೋಡಿದ್ದು ತಪ್ಪಾಗಿತ್ತು. ದೊಡ್ಡವರ ಕೃತಿಗಳನ್ನು ಮಕ್ಕಳು ಹೇಗೆ ನೋಡಬೇಕೆಂದು ಹಿರಿಯರು ಬಯಸುತ್ತಾರೋ, ಮಕ್ಕಳ ಕೃತಿಗಳನ್ನು ಹಿರಿಯರು ಹಾಗೆಯೇ ನೋಡಬೇಕು. ಮಕ್ಕಳು ವಿಮರ್ಶೆಯ ಮೊದಲ ಪಾಠವನ್ನು ಕಲಿಯುವುದು ದೇವಾಲಯಗಳಲ್ಲಿ ಅಲ್ಲ. ತಾವು ಬರೆದ ಚಿತ್ರವನ್ನು ತಂದೆತಾಯಿಗಳ ಕೈಗೆ ಕೊಟ್ಟು, ಅವರ ಮುಖವನ್ನು ನೋಡುವ ಗಳಿಗೆಯಲ್ಲಿ.

ಮನೆಗಳಲ್ಲಿ ಇದಕ್ಕೆಂದು ವಿಶೇಷ ಸಾಮಗ್ರಿಯೇನೂ ಬೇಡ. ಬೇಲೂರು ಬೆಳಗೊಳಗಳಿಗೆ ಹೋಗಲಾಗದವರಿಗೆ ದೇವರ ಮನೆಯ ಪಟವಿದೆ, ಊರ ಗುಡಿಯ ದೀಪದ ಮಲ್ಲಿಯಿದೆ, ಅಂಗಳದ ರಂಗವಲ್ಲಿಯಿದೆ. ಮೊದಲು ಮಗುವಿಗೆ ನೋಡುವುದಕ್ಕೆ ಸಮಯವನ್ನು ಕೊಡಬೇಕು. ಹೆಸರು, ಕಾಲ, ಹೊಗಳಿಕೆಗಳು ಆಮೇಲೆ ಬರಲಿ. ಬಳಿಕ, ಏನು ಕಾಣುತ್ತದೆ ಎಂದು ಕೇಳಬೇಕು. ಮಾಡಿದವನು ಏನನ್ನು ಮಾಡಹೊರಟಿದ್ದಾನೆಂದು ತೋರುತ್ತದೆ, ಅದು ಎಲ್ಲಿ ಕೈಗೂಡಿದೆ, ಎಲ್ಲಿ ಕೈಗೂಡಿಲ್ಲ ಎಂದು ಅನಂತರ ಕೇಳಬೇಕು. ‘ಚೆನ್ನಾಗಿದೆ’, ‘ಚೆನ್ನಾಗಿಲ್ಲ’ ಎಂಬ ಎರಡಕ್ಕೂ ‘ಏಕೆ’ ಎಂಬ ಪ್ರಶ್ನೆ ಸಮಾನವಾಗಿರಲಿ; ತೆಗಳಿದಾಗ ಮಾತ್ರ ಕಾರಣ ಕೇಳಿದರೆ, ಹೊಗಳಿಕೆಗೆ ಕಾರಣ ಬೇಡವೆಂದು ಮಗು ತಿಳಿಯುತ್ತದೆ. ಉತ್ತರ ಬಂದಾಗ ಹಿರಿಯರೂ ಎದ್ದುಹೋಗಿ ಕೃತಿಯನ್ನು ಮತ್ತೊಮ್ಮೆ ನೋಡಲಿ. ತಮಗೆ ಕಾಣದುದನ್ನು ಮಗು ಕಂಡಿದ್ದರೆ ಬಾಯಿಬಿಟ್ಟು ಒಪ್ಪಿಕೊಳ್ಳಲಿ.

ಜಕಣಾಚಾರಿಯ ಹೆಸರು ಬೇಲೂರಿನ ಶಾಸನಗಳಲ್ಲಿ ದೊರೆಯುವುದಿಲ್ಲ. ಅದು ಜನರ ಬಾಯಲ್ಲಿ ಬೆಳೆದ ಕಥೆಯೆಂದು ಇತಿಹಾಸಜ್ಞರು ಹೇಳುತ್ತಾರೆ. ಆದರೆ ಅಲ್ಲಿಯ ವಿಗ್ರಹಗಳ ಕೆಳಗೆ ಶಿಲ್ಪಿಗಳು ತಾವೇ ಕೆತ್ತಿದ ಹೆಸರುಗಳಿವೆ. ಬಳ್ಳಿಗಾವೆಯ ದಾಸೋಜನೆಂಬುವನ ಹೆಸರಿದೆ. ಅವನ ಮಗನಾದ ಚಾವಣನ ಹೆಸರೂ ಇದೆ. ಕಥೆಯ ತಂದೆ ಮಕ್ಕಳು ಒಬ್ಬರನ್ನೊಬ್ಬರು ಅರಿಯದೆ ಎದುರುಬದುರಾದರು. ಶಾಸನದ ತಂದೆ ಮಕ್ಕಳು ಒಂದೇ ಗುಡಿಯಲ್ಲಿ ಕೆಲಸ ಮಾಡಿದರು. ಮಗನು ಕೆತ್ತಿದುದನ್ನು ತಂದೆ ನೋಡಿ ಏನೆಂದನೋ, ತಂದೆ ಕೆತ್ತಿದುದರಲ್ಲಿ ಮಗನು ಏನು ಕೊರತೆ ಕಂಡನೋ, ಅದನ್ನು ಯಾವ ಕಲ್ಲೂ ಹೇಳುವುದಿಲ್ಲ. ತಂದೆಯ ಹೆಸರಿನೊಡನೆ ಮಗನ ಹೆಸರೂ ಅಲ್ಲಿ ಉಳಿದಿದೆ.

ಹಾಸನದ ಆ ಮನೆಯಿಂದ ಮಕ್ಕಳು ಬೆಂಗಳೂರಿಗೆ ಹೊರಟ ದಿನ, ಹುಡುಗಿ ತಾನು ಬರೆದ ಮದನಿಕೆಯ ಚಿತ್ರವೊಂದನ್ನು ತಾತನ ಕೈಗೆ ಕೊಟ್ಟಳು. ಒಡವೆಗಳು ಬಹಳ ಕಡಿಮೆಯಿದ್ದವು. ಒಂದು ಕೈ ಇನ್ನೊಂದಕ್ಕಿಂತ ಉದ್ದವಾಗಿತ್ತು. ತಾತನವರು ಕನ್ನಡಕವನ್ನು ಹಾಕಿಕೊಂಡು, ಗಾಡಿ ಹೊರಡುವ ಹೊತ್ತಾದರೂ ಅವಸರಪಡದೆ, ಪಾದದಿಂದ ಮುಡಿಯವರೆಗೆ ಅದನ್ನು ನೋಡುತ್ತ ನಿಂತಿದ್ದರು.